ಕದ್ದ ವಜ್ರವೂ ಮೈಮೊನಿಡಿಸನೂ: ಬಿ.ಎ. ಕ್ಲಾಸಿನ ನೆನಪು

ಎರಡನೇ ವರ್ಷದ ಇಂಗ್ಲಿಷ್ ಐಚ್ಛಿಕಕ್ಕೆ ನಮಗೆ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಇತ್ತು. 1868ರ ಪತ್ತೇದಾರಿ ಕಾದಂಬರಿ. ಪುಸ್ತಕದ ದಪ್ಪ ನೋಡಿ ಮುಖ ಸಿಂಡರಿಸಿದ್ದ ಕ್ಲಾಸು, ಮೊದಲ ಪುಟ ಓದುತ್ತಲೇ ನೆಟ್ಟಗೆ ಕೂತಿತು. ಕತೆ ಶುರುವಾಗುವುದೇ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4, ಕೋಟೆ ಬಿದ್ದ ದಿನ. ಲೂಟಿಯ ಗದ್ದಲದಲ್ಲಿ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ಹಳದಿ ವಜ್ರವೊಂದನ್ನು ಹೊಡೆದುಕೊಳ್ಳುತ್ತಾನೆ. ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ವಜ್ರ. ಅದಕ್ಕೂ ಮುಂಚೆ ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದದ್ದು. ವಜ್ರ ಕಲ್ಪನೆಯದ್ದು. ಲೂಟಿ ನಿಜವಾದದ್ದು. ನಮ್ಮ ಮೈಸೂರಿನಿಂದ ಬಸ್ಸು ಹತ್ತಿದರೆ ಆ ಕೋಟೆ ಎಷ್ಟು ಹತ್ತಿರ ಅಲ್ವಾ?

ಮುಂದೆ ಅದೇ ವಜ್ರ ಯಾರ್ಕ್‌ಷೈರಿನ ಒಂದು ಮನೆಯಲ್ಲಿ ರಾತ್ರೋರಾತ್ರಿ ಕಾಣೆಯಾಗುತ್ತದೆ. ತೆಗೆದವನು ಫ್ರಾಂಕ್ಲಿನ್ ಬ್ಲೇಕ್. ಆದರೆ ಅದು ಅವನಿಗೇ ಗೊತ್ತಿಲ್ಲ. ಡಾಕ್ಟರೊಬ್ಬರು ಅವನಿಗೆ ತಿಳಿಯದ ಹಾಗೆ ಅಫೀಮು ಕುಡಿಸಿರುತ್ತಾರೆ. ಆ ಅಮಲಿನಲ್ಲಿ ಎದ್ದು, ವಜ್ರ ಜೋಪಾನವಾಗಿರಲಿ ಅಂತಲೇ ತೆಗೆದಿರುತ್ತಾನೆ. ಅದನ್ನು ಅವನ ಕೈಯಿಂದ ಪಡೆದು ನುಂಗಿದವನು ಗಾಡ್‌ಫ್ರೇ ಏಬಲ್‌ವೈಟ್. ಊರಿಗೆಲ್ಲ ದಾನಧರ್ಮದ ಮನುಷ್ಯ ಅನ್ನಿಸಿಕೊಂಡವನು. ಅವನು ಲ್ಯೂಕರ್ ಎಂಬ ಲೇವಾದೇವಿಯವನ ಹತ್ತಿರ ವಜ್ರ ಅಡವಿಟ್ಟು 2000 ಪೌಂಡ್ ಸಾಲ ತರುತ್ತಾನೆ.

ಹಿಂದಿನ ಬೆಂಚಿನ ಗೆಳತಿಯೊಬ್ಬಳು ಎದ್ದು, "ಸರ್, ಗೊತ್ತಿಲ್ಲದೆ ತೆಗೆದವನು ಕಳ್ಳನಾ?" ಅಂತ ಕೇಳಿದಳು. ನಮ್ಮ ಮೇಷ್ಟ್ರು ಉತ್ತರ ಹೇಳಲಿಲ್ಲ. ಮರುದಿನ ಕಂದು ಕಾಗದದ ರಟ್ಟು ಹಾಕಿದ ಇನ್ನೊಂದು ಪುಸ್ತಕ ಹಿಡಿದು ಬಂದರು. ಪುಟಗಳ ನಡುವೆ ಬಸ್ ಟಿಕೆಟ್ಟುಗಳ ಗುರುತು. ಅದು ಮೈಮೊನಿಡಿಸನ ಧರ್ಮಸಂಹಿತೆ, 'ಮಿಶ್ನೆ ತೋರಾ'ದ ಇಂಗ್ಲಿಷ್ ಅನುವಾದ. ಸಿಲಬಸ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನನ್ನ ಕಾಲೇಜು ದಿನಗಳಲ್ಲಿ ನಾನು ಕಲಿತದ್ದರಲ್ಲಿ ಅದರಷ್ಟು ದೊಡ್ಡದು ಬೇರೆ ಇಲ್ಲ.

ಮೈಮೊನಿಡಿಸ್ 12ನೇ ಶತಮಾನದ ಯಹೂದಿ ತತ್ವಜ್ಞಾನಿ. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, ಧರ್ಮದ ಕಿರುಕುಳಕ್ಕೆ ಊರು ಬಿಟ್ಟು, ಕೊನೆಗೆ ಈಜಿಪ್ಟಿನ ಫುಸ್ತಾತಿನಲ್ಲಿ ನೆಲೆಸಿದವನು. ಅವನ ತಮ್ಮ ಡೇವಿಡ್ ರತ್ನದ ವ್ಯಾಪಾರಿ. ಭಾರತದ ಕಡೆ ಹೊರಟ ಡೇವಿಡ್ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಮನೆಯ ದುಡ್ಡು, ಪರರ ದುಡ್ಡು ಎಲ್ಲ ಅವನ ಜೊತೆಗೇ ಹೋಯಿತು. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಆಮೇಲೆ ವೈದ್ಯನಾಗಿ ದುಡಿದು ಸಂಸಾರ ಸಾಕಿದ. ಇದನ್ನು ಹೇಳುವಾಗ ಮೇಷ್ಟ್ರ ಗಂಟಲು ಕಟ್ಟಿತ್ತು.

ಪಶ್ಚಾತ್ತಾಪ ಪೂರ್ತಿಯಾಗುವುದು ಯಾವಾಗ ಅಂತ ಮೈಮೊನಿಡಿಸ್ ಕೇಳುತ್ತಾನೆ. ಅದೇ ತಪ್ಪಿಗೆ ಅದೇ ಅವಕಾಶ ಮತ್ತೆ ಒದಗಿ ಬಂದಾಗ, ಶಕ್ತಿಯೂ ಆಸೆಯೂ ಇದ್ದೂ ಮಾಡದೆ ಬಿಟ್ಟರೆ ಆಗ, ಅನ್ನುತ್ತಾನೆ. ಕಾದಂಬರಿಯಲ್ಲೂ ಸುಮಾರು ಒಂದು ವರ್ಷದ ನಂತರ ಅದೇ ಮನೆಯಲ್ಲಿ ಬ್ಲೇಕನಿಗೆ ಮತ್ತೆ ಅಫೀಮು ಕೊಟ್ಟು ಅದೇ ರಾತ್ರಿಯನ್ನು ಮರಳಿ ನಡೆಸುತ್ತಾರೆ. ಅವನು ಈ ಸಲವೂ ಕಲ್ಲು ತೆಗೆಯುತ್ತಾನೆ! ಎಚ್ಚರವೇ ಇಲ್ಲದವನಿಗೆ ಬಿಡುವ ಆಯ್ಕೆ ಎಲ್ಲಿಂದ ಬರಬೇಕು? ಗೆಳತಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಎಚ್ಚರವಿದ್ದೂ ನುಂಗಿದ ಗಾಡ್‌ಫ್ರೇಯೇ ಕಳ್ಳ.

ಲ್ಯೂಕರನ ಬಗ್ಗೆಯಂತೂ ಮೈಮೊನಿಡಿಸ್ ಇನ್ನೂ ಖಡಕ್ಕು. ಕಳ್ಳಮಾಲು ಕೊಳ್ಳುವುದು ದೊಡ್ಡ ಪಾಪ, ಕೊಳ್ಳುವವನಿಲ್ಲದಿದ್ದರೆ ಕಳ್ಳ ಕದಿಯುವುದೇ ಇಲ್ಲ ಅನ್ನುತ್ತಾನೆ. ಇಲಿ ಕಳ್ಳನಲ್ಲ, ಬಿಲವೇ ಕಳ್ಳ ಅನ್ನುವ ಮಾತು ಅದಕ್ಕೂ ಹಿಂದಿನ ಯಹೂದಿ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ. ಪತ್ತೇದಾರಿ ಕತೆಗಳಲ್ಲಿ ಕಳ್ಳ ಸಿಕ್ಕರೆ ನಾವು ಪುಸ್ತಕ ಮುಚ್ಚುತ್ತೇವೆ. ಮೈಮೊನಿಡಿಸನಿಗೆ ಕಳ್ಳ ಸಿಕ್ಕ ಮೇಲೆಯೇ ಕೆಲಸ ಶುರು. ಕದ್ದದ್ದನ್ನು ಕೊಟ್ಟು, ಕಳೆದುಕೊಂಡವನನ್ನು ಸಮಾಧಾನ ಮಾಡುವ ತನಕ ಸುಮ್ನೆ ತಪ್ಪೊಪ್ಪಿಕೊಂಡರೆ ಕ್ಷಮೆ ಇಲ್ಲ.

ಆದರೆ ಕದ್ದ ತೊಲೆ ಇಟ್ಟು ಮನೆ ಕಟ್ಟಿಬಿಟ್ಟಿದ್ದರೆ? ಎರಡು ಸಾವಿರ ವರ್ಷಗಳ ಹಿಂದೆಯೇ ಯಹೂದಿ ಗುರುಗಳಲ್ಲಿ ಈ ಜಗಳ ನಡೆದಿತ್ತು. ಮನೆ ಕೆಡವಿ ತೊಲೆ ಕೊಡಿ ಅಂದಿತು ಶಮ್ಮಾಯಿಯ ಪಂಥ. ಬೆಲೆ ಕೊಟ್ಟರೆ ಸಾಕು, ಇಲ್ಲದಿದ್ದರೆ ತಪ್ಪು ತಿದ್ದಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ ಅಂದಿತು ಹಿಲ್ಲೆಲ್ಲನ ಪಂಥ. ಮೈಮೊನಿಡಿಸ್ ಹಿಲ್ಲೆಲ್ಲನ ಕಡೆ.

ನಾನು ಅಲ್ಲೇ ಎದ್ದು ಟಿಪ್ಪುವಿನ ಸಿಂಹಾಸನದ ಮಾತು ತೆಗೆದೆ. ಗೆದ್ದ ಸೈನ್ಯದ ಲೂಟಿ ಹಂಚುವವರು ಅದನ್ನು ಒಡೆದು ಚೂರು ಮಾಡಿದರು. ಅದರ ರತ್ನಖಚಿತ ಹುಮಾ ಹಕ್ಕಿ ಇಂಗ್ಲೆಂಡಿನ ಅರಮನೆ ಸೇರಿತು. ಚಿನ್ನದ ಹುಲಿಮುಖವೊಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಈ ಚೂರುಗಳನ್ನು ಯಾರೂ ಮನೆಯ ಗೋಡೆಗೆ ಕಟ್ಟಿಲ್ಲ, ಗಾಜಿನ ಪೆಟ್ಟಿಗೆಯಿಂದ ತೆಗೆದರೆ ಏನೂ ಕುಸಿಯುವುದಿಲ್ಲ, ಇಲ್ಲಿ ಬೆಲೆಯ ಮಾತೇ ಬರಬಾರದು ಅಂದೆ.

ಮೇಷ್ಟ್ರು ತಲೆದೂಗಿದರು. "ಸರಿ. ಹಾಗಾದ್ರೆ ವಜ್ರ ಎಲ್ಲಿಗೆ ಹೋಗ್ಬೇಕು? ಶ್ರೀರಂಗಪಟ್ಟಣಕ್ಕಾ, ಸೋಮನಾಥಕ್ಕಾ?" ಅಂದರು.

ಕ್ಲಾಸಿನಲ್ಲಿ ಜಾಸ್ತಿ ಕೈ ಎದ್ದದ್ದು ಶ್ರೀರಂಗಪಟ್ಟಣಕ್ಕೇ. ನಮ್ಮ ಊರಿನ ಅಭಿಮಾನ. ಆದರೆ ಟಿಪ್ಪುವಿನ ಕಠಾರಿಗೆ ಬರುವ ಮೊದಲೇ ಆ ವಜ್ರ ದೇವರ ಹಣೆಯಿಂದ ಕಿತ್ತದ್ದು. ಕಾಲಿನ್ಸ್ ಅದನ್ನು ಸೋಮನಾಥಕ್ಕೇ ಕಳಿಸುತ್ತಾನೆ. ನಾನೂ ಆವತ್ತು ಕೈ ಎತ್ತಿದ್ದು ಸೋಮನಾಥದ ಪರವಾಗಿ. ಬೆಲ್ ಹೊಡೆದ ಮೇಲೆ ಕ್ಯಾಂಟೀನಿನಲ್ಲೂ ಗೆಳೆಯರು ನನ್ನನ್ನು ಬಿಡಲಿಲ್ಲ. ಈ ಸಲದ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಅವರೂ ಬರುತ್ತಾರಂತೆ. ನಾನು ಪಕ್ಷ ಬದಲಿಸಿಲ್ಲ.