ಎಕ್ಸ್‌ರೇ ತೆಗೆಯೋರ ಕೆಲಸ ಉಳಿಯುತ್ತಾ?

ಹೋದ ಭಾನುವಾರ ಮದ್ದೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಮಗಳದು ಪಿಯುಸಿ ಮುಗಿದಿದೆ, ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್‌ಗೆ ಸೇರಬೇಕು ಅಂತ ಹಟ ಹಿಡಿದಿದ್ದಾಳೆ. ಅಷ್ಟರಲ್ಲಿ ಬೀಗರ ಮನೆಯವರು ಯಾರೋ "ಇನ್ನೈದು ವರ್ಷಕ್ಕೆ ಅದನ್ನೆಲ್ಲಾ ಎಐ ಮಾಡುತ್ತೆ, ಸುಮ್ನೆ ದುಡ್ಡು ದಂಡ" ಅಂದರಂತೆ. "ನೀನು ಅದೇ ಕೆಲಸದಲ್ಲಿದ್ದೀಯಲ್ಲ, ನೀನೇ ಹೇಳು" ಅಂದಳು. ಫೋನಲ್ಲಿ ಏನೋ ತಡವರಿಸಿದೆ. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೇಡಿಯೋಗ್ರಾಫರ್. ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಜನ ನಮ್ಮನ್ನು 'ಎಕ್ಸ್‌ರೇ ತೆಗೆಯೋರು' ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ. ಚಿತ್ರ ತೆಗೆಯುವುದು ನಾವು, ಅದನ್ನು ಓದಿ ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ಡಾಕ್ಟರು. ಇವೆರಡನ್ನೂ ಕಲಸಿಬಿಡುವುದರಿಂದಲೇ ಅರ್ಧ ಗಾಬರಿ. 2016ರಲ್ಲಿ ಜೆಫ್ರಿ ಹಿಂಟನ್ ಅನ್ನುವ ದೊಡ್ಡ ಎಐ ವಿಜ್ಞಾನಿ, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಕಂಪ್ಯೂಟರೇ ಅವರಿಗಿಂತ ಚೆನ್ನಾಗಿ ನೋಡುತ್ತೆ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಐದು ವರ್ಷ ಯಾವಾಗಲೋ ಕಳೆಯಿತು. ರಾತ್ರಿ ಹತ್ತರ ಮೇಲೆ ಬರುವ ಸಿಟಿ ಸ್ಕ್ಯಾನ್ ರಿಪೋರ್ಟಿಗೆ ನಾವು ಇವತ್ತಿಗೂ ಬೆಂಗಳೂರಲ್ಲಿ ಕೂತ ಡಾಕ್ಟರನ್ನೇ ಕಾಯುತ್ತೇವೆ. (ಹಿಂಟನ್‌ಗೆ 2024ರಲ್ಲಿ ಫಿಸಿಕ್ಸ್ ನೊಬೆಲ್ ಬಂತು. ಫಿಸಿಕ್ಸ್‌ನ ಮೊಟ್ಟಮೊದಲ ನೊಬೆಲ್, 1901ರದ್ದು, ಎಕ್ಸ್‌ರೇ ಕಂಡುಹಿಡಿದ ರಾಂಟ್ಜೆನ್ ಅವರದು. ಇಬ್ಬರೂ ನಮ್ಮ ಹೊಟ್ಟೆಪಾಡಿಗೆ ಸಂಬಂಧಪಟ್ಟವರೇ.)

ಹಾಗಂತ ಎಐ ಬರೀ ಬುರುಡೆ ಅನ್ನುವವನಲ್ಲ ನಾನು. ಟಿಬಿ ಪತ್ತೆಗೆ 15 ವರ್ಷ ದಾಟಿದವರ ಎದೆ ಎಕ್ಸ್‌ರೇಯನ್ನು ಸಾಫ್ಟ್‌ವೇರ್ ಓದಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಒಪ್ಪಿದೆ. ಕೈಯಲ್ಲೇ ಹಿಡಿದು ಹೋಗುವಂಥ ಪುಟ್ಟ ಎಕ್ಸ್‌ರೇ ಮಷೀನುಗಳು ಹಳ್ಳಿಗೆ ಬಂದಿವೆ. ಮಂಡ್ಯ ಕಡೆಯ ಒಂದು ಹಳ್ಳಿಯ ಕ್ಯಾಂಪಿಗೆ ನಾನೂ ಹೋಗಿದ್ದೆ. ಶಾಲೆ ಜಗಲಿ ಮೇಲೆ ಮಷೀನು, ಪಕ್ಕದಲ್ಲಿ ಲ್ಯಾಪ್‌ಟಾಪು. ಚಿತ್ರ ಬಂದು ಒಂದು ನಿಮಿಷದೊಳಗೆ ಸಾಫ್ಟ್‌ವೇರ್ ಬಣ್ಣ ಬಳಿದು 'ಇಲ್ಲಿ ನೋಡಿ' ಅನ್ನುತ್ತಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲೇ ಒಬ್ಬರು ಹೆಂಗಸು ಬಂದರು. ಕಬ್ಬಿನ ಗದ್ದೆಯಿಂದ ನೇರ ಬಂದವರು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ದಪ್ಪ ಜಡೆ. ನಮ್ಮ ಜೊತೆಯ ಹುಡುಗ ಆತುರದಲ್ಲಿ ಹಾಗೇ ನಿಲ್ಲಿಸಿ ಬಟನ್ ಒತ್ತಿಬಿಟ್ಟ. ಬಲಗಡೆ ಶ್ವಾಸಕೋಶದ ತುದಿಯಲ್ಲಿ ಕೆಂಪು ಬಣ್ಣ ಬಂತು. ಟಿಬಿ ಜಾಸ್ತಿ ಕಾಣಿಸಿಕೊಳ್ಳುವುದೇ ಆ ಜಾಗದಲ್ಲಿ. ನಾನು ಬಗ್ಗಿ ನೋಡಿದೆ. ನೆರಳಿನಲ್ಲಿ ಸಣ್ಣಗೆ ಗೆರೆ ಗೆರೆ, ಹಗ್ಗ ಹೊಸೆದ ಹಾಗೆ. ಭುಜದ ಮೇಲೆ ಬಿದ್ದಿದ್ದ ಜಡೆ ಅದು. "ಅಕ್ಕಾ, ಜಡೆ ಎತ್ತಿ ತುರುಬು ಕಟ್ಕೊಳ್ಳಿ" ಅಂದು ಇನ್ನೊಂದು ತೆಗೆದೆವು. ಕೆಂಪು ಮಾಯ. ಅಷ್ಟರಲ್ಲಿ ಆಯಮ್ಮನ ಮುಖ ಬಿಳಿಚಿಕೊಂಡಿತ್ತು, ಲ್ಯಾಪ್‌ಟಾಪಿನ ಬಣ್ಣ ಅವರೂ ನೋಡಿಬಿಟ್ಟಿದ್ದರು.

ಇನ್ನು ತಾಳಿ. ಲೋಹ ಚಿತ್ರದಲ್ಲಿ ಬೆಳ್ಳಗೆ ಬೀಳುತ್ತೆ, ತೆಗೆಯಬೇಕು. "ತಾಳಿ ಬಿಚ್ಚಕ್ಕಾಯ್ತದಾ ಸಾ?" ಅನ್ನುತ್ತಾರೆ ನಮ್ಮ ಕಡೆಯವರು. ಅವರ ಜೊತೆ ವಾದ ಮಾಡಬಾರದು. ಮೇಲಕ್ಕೆತ್ತಿ ಹಲ್ಲಲ್ಲಿ ಕಚ್ಚಿಕೊಳ್ಳಿ ಅನ್ನಬೇಕು, ಅಷ್ಟೇ. ಆಮೇಲೆ ಗದ್ದ ಮೇಲೆ, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ ತಳ್ಳಿ. ಭುಜ ಮುಂದಕ್ಕೆ ಬಂದರೆ ಬೆನ್ನಿನ ರೆಕ್ಕೆಮೂಳೆ ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. ಉಸಿರು ಪೂರ್ತಿ ಎಳೆದುಕೊಂಡು ಹಿಡಿಯಬೇಕು. ಹಿಡ್ಕೊಳ್ಳಿ ಅಂದಾಗ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡವರು ನನ್ನ ಲೆಕ್ಕದಲ್ಲಿ ಮೂರು ಜನ. ಸೊಂಟ ಮುರಿದುಕೊಂಡ ಎಂಬತ್ತರ ಅಜ್ಜನನ್ನು ನೋವಾಗದ ಹಾಗೆ ಪಕ್ಕಕ್ಕೆ ಹೊರಳಿಸುವುದು, ಕಿರುಚಾಡುವ ಮಗುವಿನ ಎರಡು ಉಸಿರಿನ ನಡುವೆ ಬಟನ್ ಒತ್ತುವುದು, ಇದನ್ನೆಲ್ಲ ಯಾವ ಸಾಫ್ಟ್‌ವೇರ್ ಮಾಡುತ್ತೆ ಹೇಳಿ. ಚಿತ್ರ ಕೆಟ್ಟರೆ ಅದನ್ನು ಓದುವ ಡಾಕ್ಟರೂ ಕೆಡುತ್ತಾರೆ, ಎಐ ಕೂಡ ಕೆಡುತ್ತೆ.

ಆದರೆ ಈ ಸಾಲಿಗೇ ಖುಷಿಪಟ್ಟು ಕೂರುವ ಹಾಗೂ ಇಲ್ಲ. ನಾನು ಮಂಡ್ಯದ ಒಂದು ಸಣ್ಣ ಸೆಂಟರಿಗೆ ಸೇರಿದಾಗ ಇನ್ನೂ ಡಾರ್ಕ್‌ರೂಮ್ ಇತ್ತು. ಕೆಂಪು ದೀಪ, ಡೆವಲಪರ್, ಫಿಕ್ಸರ್, ಮೂಗಿಗೆ ಹತ್ತಿಕೊಂಡರೆ ಊಟಕ್ಕೆ ಕೂತಾಗಲೂ ಬಿಡದ ವಾಸನೆ. ಹಳೇ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತೆ, ಅದನ್ನು ಕ್ಯಾನಿನಲ್ಲಿ ತುಂಬಿಕೊಂಡು ಹೋಗುವವನೊಬ್ಬ ತಿಂಗಳಿಗೊಮ್ಮೆ ಬರುತ್ತಿದ್ದ. ಫಿಲ್ಮ್ ತೊಳೆಯಲಿಕ್ಕೆಂದೇ ಒಬ್ಬರಿದ್ದರು. ಡಿಜಿಟಲ್ ಬಂದ ವರ್ಷ ಅವರ ಕೆಲಸ ಹೋಯಿತು, ಬಿಲ್ ಕೌಂಟರಿಗೆ ಕೂರಿಸಿದರು. ಸದ್ದೇ ಆಗಲಿಲ್ಲ.

ಮುಂದೆ ಯಾರ ಸರದಿ? ಬರೀ ಬಟನ್ ಒತ್ತುವುದಷ್ಟೇ ಕಲಿತವರದು ಅಂತ ನನಗೆ ಅನ್ನಿಸುತ್ತೆ. ಹೊಸ ಸಿಟಿ ಮಷೀನುಗಳಲ್ಲಿ ಮೇಲ್ಛಾವಣಿಯ ಕ್ಯಾಮೆರಾ ರೋಗಿಯನ್ನು ನೋಡಿ ಟೇಬಲನ್ನು ತಾನೇ ಸರಿಯಾದ ಎತ್ತರಕ್ಕೆ ತರುತ್ತೆ. ಎಂಆರ್‌ಐ ಚಿತ್ರವನ್ನು ಎಐ ಶುದ್ಧ ಮಾಡುವುದರಿಂದ ಸ್ಕ್ಯಾನಿನ ಸಮಯ ಎಷ್ಟೋ ಕಡಿಮೆಯಾಗಿದೆ. ಸಮಯ ಉಳಿಯಿತು ಅಂದರೆ ನಮಗೆ ಕಾಫಿ ಕುಡಿಯಲು ಬಿಡುವು ಅಂತ ತಿಳಿಯಬೇಡಿ, ಆ ಜಾಗಕ್ಕೆ ಇನ್ನಿಬ್ಬರು ಪೇಷೆಂಟ್ ಬರುತ್ತಾರೆ. ಇನ್ನೊಂದು ಇದೆ, ಅದೇ ನನಗೆ ಜಾಸ್ತಿ ಯೋಚನೆ. ಒಬ್ಬ ಅನುಭವಿ ಟೆಕ್ನಾಲಜಿಸ್ಟ್ ಒಂದೂರಲ್ಲಿ ಕೂತು ಬೇರೆ ಬೇರೆ ಊರಿನ ಎರಡು ಮೂರು ಎಂಆರ್‌ಐಗಳನ್ನು ಪರದೆಯಿಂದಲೇ ನಡೆಸುವ ವ್ಯವಸ್ಥೆ ಈಗಾಗಲೇ ಬಂದಿದೆ. ಮಷೀನಿನ ಹತ್ತಿರ ರೋಗಿಯನ್ನು ಮಲಗಿಸಲು ಒಬ್ಬರು ಬೇಕೇ ಬೇಕು. ಆದರೆ ಅವರಿಗೆ ಎಷ್ಟು ಸಂಬಳ ಕೊಡುತ್ತಾರೆ?

ಸಂಬಳದ ವಿಷಯ ಬಂದರೆ ಹೊಟ್ಟೆ ಉರಿಯುತ್ತೆ. ನಾನು ಸೇರಿದಾಗ ತಿಂಗಳಿಗೆ 5 ಸಾವಿರ, ಅದರಲ್ಲೂ ನೈಟ್ ಡ್ಯೂಟಿ ತಪ್ಪಿಸಿದರೆ ಕಟ್. ಇವತ್ತಿಗೂ ಏನೂ ಓದದವರನ್ನು ಹದಿನೈದು ದಿನ ಪಕ್ಕ ನಿಲ್ಲಿಸಿ ಎಕ್ಸ್‌ರೇ ರೂಮಿಗೆ ಬಿಡುವ ಜಾಗಗಳನ್ನು ಕಣ್ಣಾರೆ ಕಂಡಿದ್ದೇನೆ. ನಮಗೆ ಎಐಗಿಂತ ದೊಡ್ಡ ಶತ್ರು ಇದು. 2021ರಲ್ಲಿ ನಮ್ಮಂಥವರೂ ಸೇರುವ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅಲೈಡ್ ಹೆಲ್ತ್ ಪ್ರೊಫೆಷನಲ್ ಆಗಲು ಕನಿಷ್ಠ 2,000 ಗಂಟೆ ಓದು, ಹೆಲ್ತ್‌ಕೇರ್ ಪ್ರೊಫೆಷನಲ್ ಆಗಲು 3,600 ಗಂಟೆ. ಜೊತೆಗೆ ರಿಜಿಸ್ಟರ್, ರಾಜ್ಯಕ್ಕೊಂದು ಕೌನ್ಸಿಲ್. ಇದು ಗಟ್ಟಿಯಾಗಿ ಜಾರಿಯಾದರೆ ನಮ್ಮ ಹುಡುಗಿಯ ಡಿಗ್ರಿಗೆ ಬೆಲೆ ಬರುತ್ತೆ. ಕಾಗದದಲ್ಲೇ ಉಳಿದರೆ ಎಐ ಬರಲಿ ಬಿಡಲಿ, ಅದೇ ಹಳೇ ಕಥೆ.

ಬ್ರಿಟನ್ನಿನಲ್ಲಿ ನಮ್ಮಂಥವರೇ ಹೆಚ್ಚಿನ ತರಬೇತಿ ಪಡೆದು ಎಕ್ಸ್‌ರೇ ರಿಪೋರ್ಟ್ ಬರೆಯುತ್ತಾರೆ, ಅಲ್ಟ್ರಾಸೌಂಡೂ ಮಾಡುತ್ತಾರೆ. ಇಲ್ಲಿ ಅದಾಗಲ್ಲ. ಅಲ್ಟ್ರಾಸೌಂಡಿಗೆ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಬಿಗಿ ಇದೆ, ಅರ್ಹ ಡಾಕ್ಟರೇ ಮಾಡಬೇಕು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನಿಟ್ಟು ನಡೆಸಿದ ದಂಧೆ ಹೊರಬಂದಾಗ ತಲೆ ತಗ್ಗಿಸಿದ್ದು ನೆನಪಿದೆ. ಬೆಲ್ಲ ಕಾಯಿಸುವ ಜಾಗದಲ್ಲಿ! ಆ ಬಿಗಿ ಸಡಿಲಿಸಿ ಅಂತ ಕೇಳುವ ಮುಖ ನನಗಂತೂ ಇಲ್ಲ.

ಅಕ್ಕನ ಕೊನೇ ಪ್ರಶ್ನೆ ರೇಡಿಯೇಶನ್ನಿನದು. "ಹೆಣ್ಣುಮಗು ಕಣೋ, ನಾಳೆ ಮದುವೆ, ಮಕ್ಕಳು..." ಅಂತ ಎಳೆದಳು. ನನ್ನ ಮದುವೆಗೆ ಹೆಣ್ಣು ನೋಡುವಾಗಲೂ ಇದೇ ಮಾತು ಬಂದಿತ್ತು. ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಕಳಿಸುತ್ತೇವೆ, ಮೈಗೆ ಎಷ್ಟು ತಾಗಿದೆ ಅನ್ನುವ ರಿಪೋರ್ಟ್ ಬರುತ್ತೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ರೇಡಿಯೇಶನ್ ಅಳೆಯುವ ಲೆಕ್ಕ), ಯಾವ ವರ್ಷವೂ 30 ದಾಟಬಾರದು. ನನ್ನ ರಿಪೋರ್ಟಿನಲ್ಲಿ ಜಾಸ್ತಿ ಸಲ ಬರುವುದು ಸೊನ್ನೆ. ಗೋಡೆ, ಬಾಗಿಲು, ಸೀಸದ ಏಪ್ರನ್ ಸರಿಯಿದ್ದು, ಬ್ಯಾಡ್ಜನ್ನು ಡ್ರಾಯರಿನಲ್ಲಿಡದೆ ಹಾಕಿಕೊಂಡರೆ ಹೆದರಬೇಕಾಗಿಲ್ಲ. ಇಬ್ಬರು ಮಕ್ಕಳಿದ್ದಾರೆ ನನಗೆ, ಇಬ್ಬರೂ ಮನೆ ಹಾರಿಸುತ್ತಾರೆ.

ಬೆನ್ನುನೋವು ಮಾತ್ರ ಗ್ಯಾರಂಟಿ. ಅದಕ್ಕೆ ಬ್ಯಾಡ್ಜ್ ಇಲ್ಲ.

ಹುಡುಗಿಗೆ ಸೇರು ಅಂತಲೂ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಬೆಳಿಗ್ಗೆ ಮೊದಲ ರೈಲಿಗೆ ಹತ್ತಿ ಮೈಸೂರಿಗೆ ಬಾ, ಡಿಪಾರ್ಟ್‌ಮೆಂಟಿನವರನ್ನು ಕೇಳಿಟ್ಟಿದ್ದೀನಿ, ಹೊರಗಿನ ಬೆಂಚಲ್ಲಿ ಪೇಷೆಂಟ್‌ಗಳ ಜೊತೆ ಅರ್ಧ ದಿನ ಕೂತು ನೋಡು ಅಂದಿದ್ದೇನೆ. ಸಾಧ್ಯವಾದರೆ ಯಾರಾದರೂ ಅಜ್ಜಿಗೆ ತುರುಬು ಕಟ್ಟಿಕೊಡು ಅಂತಲೂ. ಸೋಮವಾರ ಬರುತ್ತಾಳಂತೆ.