ಬಾದಾಮಿಯಿಂದ ಪಟ್ಟದಕಲ್ಲಿಗೆ ಕಾಲ್ನಡಿಗೆಯಲ್ಲಿ

ಬಾದಾಮಿ, ಮಹಾಕೂಟ, ಪಟ್ಟದಕಲ್ಲುಗಳನ್ನು ವಾಹನದಲ್ಲಿ ಸುತ್ತಿಬರುವವರಿಗೆ ಅವು ಮೂರು ಬೇರೆ ಬೇರೆ ತಾಣಗಳಾಗಿಯೇ ಉಳಿಯುತ್ತವೆ, ಅವುಗಳ ನಂಟು ತಿಳಿಯಬೇಕಾದರೆ ನಡೆಯಬೇಕು ಎಂದು ನಾನು ಬಹುದಿನಗಳಿಂದ ವಾದಿಸುತ್ತಿದ್ದೆ. "ಮಾತು ಸಾಕ್ರಿ, ನಡದ ನೋಡೂಣು" ಎಂದು ನನ್ನ ಹೆಂಡತಿ ಅಂದಮೇಲೆ, ಡಿಸೆಂಬರಿನ ಒಂದು ನಸುಕಿನಲ್ಲಿ ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ದಂಡೆಯಿಂದ ಇಬ್ಬರೂ ಹೊರಟೆವು.

ಡಾಂಬರು ರಸ್ತೆ ಗುಡ್ಡವನ್ನು ಬಳಸಿಕೊಂಡು ಮಹಾಕೂಟ ಸೇರುತ್ತದೆ. ಕಾಲುದಾರಿ ಗುಡ್ಡದ ನೆತ್ತಿಯ ಮೇಲೆ ಹಾಯ್ದು ಸುಮಾರು 5 ಕಿಲೋಮೀಟರಿಗೇ ಮುಗಿಯುತ್ತದೆ. ಮೇಲೆ ಕೆಂಪು ಮರಳುಗಲ್ಲಿನ ಹಾಸುಬಂಡೆ, ಮುಳ್ಳುಕಂಟಿ ಬಿಟ್ಟರೆ ಹೆಚ್ಚೇನಿಲ್ಲ, ನೆರಳಂತೂ ಅಪರೂಪ. ಬಿಸಿಲೇರುವ ಮೊದಲೇ ಇದನ್ನು ದಾಟಬೇಕಾದ್ದರಿಂದ ಪಟ್ಟದಕಲ್ಲಿನಿಂದ ಹೊರಡುವುದಕ್ಕಿಂತ ಬಾದಾಮಿಯಿಂದ ಹೊರಡುವುದೇ ಮೇಲು. ಏರಿನಲ್ಲಿ ಮುಂದಿದ್ದ ನಾನು ಬಂಡೆಗಳನ್ನು ನೋಡುತ್ತ ಅಲ್ಲಲ್ಲಿ ನಿಲ್ಲುತ್ತಿದ್ದೆ. ಒಂದೇ ಹದದಲ್ಲಿ ನಡೆಯುವ ಅವಳು ಇಳಿಜಾರಿಗೆ ಬರುವಷ್ಟರಲ್ಲಿ ನನ್ನನ್ನು ಹಿಂದೆ ಹಾಕಿದ್ದಳು.

ಮಹಾಕೂಟದ ಪುಷ್ಕರಿಣಿಗೆ ನೀರು ಊಟೆಯಿಂದ ಬರುತ್ತದೆ. ಒಣ ಬಂಡೆಯ ಮೇಲೆ ನಡೆದು ಬಂದವರಿಗೆ ಇಲ್ಲಿ ಗುಡಿಗಳು ಏಕೆ ಎದ್ದವೆಂದು ಯಾರೂ ಹೇಳಬೇಕಾಗಿಲ್ಲ. ಹಳೆಯ ದ್ವಾರದ ಇಕ್ಕೆಲದ ಅಸ್ಥಿಪಂಜರದಂಥ ಮೂರ್ತಿಗಳನ್ನು ನೋಡಿ ಬಂದು, ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಅಜ್ಜಿಯ ಬಳಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಕೊಂಡು ಉಂಡೆವು. "ಇನ್ನೊಂದ ರೊಟ್ಟಿ ಹಾಕ್ಕೊಳ್ಳವಾ, ಮುಂದ ಏನೂ ಸಿಗೂದಿಲ್ಲ" ಎಂದು ಆಕೆ ನನ್ನವಳಿಗೆ ಹೇಳಿದ್ದು ವ್ಯಾಪಾರದ ಮಾತಾಗಿದ್ದರೂ ನಿಜವೇ ಆಗಿತ್ತು.

ಬಾದಾಮಿ ಚಾಲುಕ್ಯರ ದೊರೆ ಮಂಗಲೇಶನ ಕಾಲದ ಶಾಸನವಿರುವ ಮಹಾಕೂಟದ ಕಂಬ ಈಗ ನಮ್ಮ ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿದೆ. ಮೊದಲನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಹಾಕೂಟದ ಶಿವನಾದ ಮಕುಟೇಶ್ವರನಿಗೆ ಬಿಟ್ಟ ಹಳ್ಳಿಗಳನ್ನು ಅದು ಹೆಸರಿಸುತ್ತದೆ. ಅವುಗಳಲ್ಲಿ ಕೆಸುವೊಳಲ ಒಂದು, ಅಂದರೆ ಪಟ್ಟದಕಲ್ಲು. ಪೇಟೆಗೆ ಹೋದಾಗಲೆಲ್ಲ ಕಂಡಿರುವ ಆ ಕಂಬ ನನ್ನ ವಾದವನ್ನು ನನಗಿಂತ ಚೆನ್ನಾಗಿ ಹೇಳುತ್ತದೆ: ಗುಡಿ ಇಲ್ಲಿ, ಗುಡಿಯ ಖರ್ಚಿಗೆ ಬಿಟ್ಟ ಊರು ಮುಂದೆ ಸುಮಾರು 10 ಕಿಲೋಮೀಟರು ದೂರದಲ್ಲಿ, ಹೊಳೆಯ ದಂಡೆಯಲ್ಲಿ.

ಮುಂದಿನ ದಾರಿಯಲ್ಲಿ ಶಾಸನಗಳಿಲ್ಲದ ಕಾರಣ ವಿವರಣೆ ನನ್ನ ಕೈತಪ್ಪಿ ಅವಳ ಪಾಲಾಯಿತು. ಹುನಗುಂದದ ಕಡೆಯ ಒಕ್ಕಲುತನದ ಮನೆಯಲ್ಲಿ ಬೆಳೆದ ಅವಳು, ಕಾಲಡಿಯ ಕೆಂಪು ಮಸಾರಿ ಮಣ್ಣು ಮುಗಿದು ಕಪ್ಪು ಎರೆಮಣ್ಣು ಆರಂಭವಾದದ್ದನ್ನು ನನಗಿಂತ ಬಹಳ ಮೊದಲೇ ಕಂಡಳು. ಮಸಾರಿ ಬೇಗ ಆರುವುದರಿಂದ ಅಲ್ಲಿ ಮುಂಗಾರಿಯನ್ನೇ ನೆಚ್ಚಬೇಕು. ಎರೆ ಮಾತ್ರ ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮಳೆ ನಿಂತಮೇಲೂ ಹಿಂಗಾರಿ ಜೋಳ, ಕಡಲೆ, ಕುಸುಬಿಗಳು ಅದರ ಮೇಲೆಯೇ ಬೆಳೆಯುತ್ತವೆ. ಗುಡ್ಡದ ಗುಡಿಗೆ ಹೊಳೆಸಾಲಿನ ಊರನ್ನು ಏಕೆ ಬಿಟ್ಟರೆಂಬುದಕ್ಕೆ ಅವಳ ಉತ್ತರ ಸರಳವಾಗಿತ್ತು: "ಬಂಡೆ ಮ್ಯಾಲ ಜ್ವಾಳ ಬೆಳಿತಾವೇನ್ರಿ?"

ಪಟ್ಟದಕಲ್ಲು ಮುಟ್ಟುವಾಗ ಹೊತ್ತು ಇಳಿದಿತ್ತು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳ ಬಗ್ಗೆ ಬರೆದವರು ಬಹಳ ಮಂದಿ. ನಾವು ನೋಡಿದ್ದು, ಎರಡನೆಯ ವಿಕ್ರಮಾದಿತ್ಯನ ಕಂಚಿಯ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯೊಂದನ್ನೇ. ಉಳಿದ ಬೆಳಕನ್ನು ಮಲಪ್ರಭೆಯಲ್ಲಿ ಕಾಲು ಇಳಿಬಿಟ್ಟು ಕಳೆದೆವು. ಹೊಳೆಯ ಜೊತೆ ಐಹೊಳೆಯತ್ತಲೂ ನಡೆಯಬೇಕೆಂದು ನಾನು ಅಂದಾಗ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ ಎಂದು ಹೇಳಿ ಅವಳು ಬಾದಾಮಿ ಬಸ್ಸಿನ ವೇಳೆ ಕೇಳಲು ಎದ್ದಳು.