ಎಷ್ಟು ಉಳಿಯುತ್ತೆ ಅಂತ ಕೇಳ್ಬೇಡಿ

ರೈಫಲ್ ಗುಂಡು ಮನೇಲೇ ಮಾಡ್ಕೊಂಡ್ರೆ ಎಷ್ಟು ದುಡ್ಡು ಉಳಿಯುತ್ತೆ? ಇದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೆ ಬರೆದಿಡ್ತಿದೀನಿ. ಒಂದೊಂದು ಗುಂಡಿಗೆ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಉಳಿಯುತ್ತೆ. ಗುಂಡು ಒತ್ತೋ ಪ್ರೆಸ್ಸು, ಅದರ ಅಚ್ಚು (ಡೈ), ಮದ್ದು ತೂಗೋ ತಕ್ಕಡಿ, ಗ್ಯಾರೇಜಲ್ಲಿ ಕಳೆದ ಸಂಜೆಗಳು ಎಲ್ಲಾ ಸೇರ್ಸಿದ್ರೆ ಏನೂ ಉಳಿಯಲ್ಲ. ಉಳಿಸಕ್ಕೆ ಅಂತ ನಾನು ಮಾಡ್ತಾನೂ ಇಲ್ಲ.

ಇಷ್ಟು ಹೇಳಿದ್ರೂ ಬಿಡಲ್ಲ. ಹೋದ ವರ್ಷ ಇಲ್ಲಿ ಅಮೆರಿಕದ ಓಹಾಯೋದಲ್ಲಿ ರಾಜ್ಯೋತ್ಸವದ ಊಟಕ್ಕೆ ಹೋಗಿದ್ವಿ, ಬಿಸಿಬೇಳೆಬಾತ್ ತಟ್ಟೆ ಕೈಲಿ ಹಿಡ್ಕೊಂಡು ಕೂರಕ್ಕೆ ಜಾಗ ಹುಡುಕ್ತಿದ್ದೆ, ಹಿರಿಯರೊಬ್ರು ಇಡೀ ಹಾಲ್‌ಗೆ ಕೇಳೋ ಹಾಗೆ "ಏನಪ್ಪಾ, ಮನೇಲೇ ಮದ್ದುಗುಂಡು ತಯಾರ್ಸ್ತೀಯಂತೆ, ಅಂಗಡೀಲಿ ಸಿಗಲ್ವಾ?" ಅಂದ್ರು. ಪಕ್ಕದಲ್ಲಿದ್ದ ಹೆಂಗಸ್ರು ಮಕ್ಕಳನ್ನ ಸ್ವಲ್ಪ ಹತ್ರ ಎಳ್ಕೊಂಡ್ರು. ಇನ್ನೊಬ್ರು "ಕೊಡಗಿನೋನಲ್ವಾ, ಅದಕ್ಕೇ" ಅಂತ ತೀರ್ಪು ಕೊಟ್ಟು ಪಾಯಸಕ್ಕೆ ಹೋದ್ರು.

ಕೊಡಗಿನೋನು ಹೌದು, ಸೋಮವಾರಪೇಟೆ ಕಡೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡೋದು, ಮರದ ತುದೀಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡೋದು ನೋಡ್ಕೊಂಡೇ ಬೆಳ್ದಿದೀನಿ. ಆದ್ರೆ ಅಲ್ಲಿ ಯಾರೂ ಮನೇಲಿ ತೋಟೆ ತುಂಬ್ತಾ ಕೂರಲ್ಲ, ಲೈಸೆನ್ಸ್ ಇಲ್ದೆ ಮದ್ದುಗುಂಡು ತಯಾರ್ಸೋದು ನಮ್ಮ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಇಲ್ಲಿ ಅಮೆರಿಕದಲ್ಲಿ ಸ್ವಂತ ಉಪಯೋಗಕ್ಕೆ ಮಾಡ್ಕೊಳೋದಕ್ಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರೋದಾದ್ರೆ ಬೇಕು. ನಾನು ಮಾರಲ್ಲ. ಹಾಗಾಗಿ ಊರಿಗೂ ಇದಕ್ಕೂ ಗಂಟು ಹಾಕ್ಬೇಡಿ.

ನಾನು ಹೊಡೆಯೋದು ಸರ್ವಿಸ್ ರೈಫಲ್ ಮ್ಯಾಚ್, ಅಂದ್ರೆ ಸೈನ್ಯದ ಮಾದರಿ ರೈಫಲಲ್ಲಿ ಗುರಿ ಹೊಡೆಯೋ ಸ್ಪರ್ಧೆ. ನನ್ನ ರೈಫಲ್ ಎಆರ್-15, ಗುಂಡಿನ ಅಳತೆ .223. ಓಹಾಯೋದ ಕ್ಯಾಂಪ್ ಪೆರಿಯಲ್ಲಿ, ಈರಿ ಸರೋವರದ ದಡದಲ್ಲಿ, 1907ರಿಂದ ಇದರ ನ್ಯಾಷನಲ್ ಮ್ಯಾಚ್ ನಡೀತಿದೆ. ನಮ್ಮ ಕ್ಲಬ್ಬಿನ ಪೂರ್ತಿ ಮ್ಯಾಚಲ್ಲಿ 200 ಗಜದಲ್ಲಿ ನಿಂತು, ಆಮೇಲೆ ಕೂತು, 300ರಲ್ಲಿ ಮಲಗಿ, ಕೊನೆಗೆ 600 ಗಜದಲ್ಲಿ ಮಲಗಿ ಹೊಡೀಬೇಕು, ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷೆ ಗುಂಡು) ಸೇರಿ 88 ಗುಂಡು. 600 ಗಜದ ಟಾರ್ಗೆಟ್ಟಲ್ಲಿ ಹತ್ತು ಅಂಕದ ವೃತ್ತ 12 ಇಂಚು, ಅದರೊಳಗಿನ ಎಕ್ಸ್ ವೃತ್ತ 6 ಇಂಚು. ಅಂಗಡೀಲಿ ಸಿಗೋ ಮಾಮೂಲಿ ಅಗ್ಗದ ಗುಂಡಲ್ಲಿ ಅಲ್ಲಿ ಹತ್ತು ಬಿದ್ರೆ ಅದೃಷ್ಟ, ಮ್ಯಾಚ್ ಗುಂಡು ಬೇಕು, ಅದನ್ನ ಕೊಳ್ತಾ ಹೋದ್ರೆ ಸಂಬಳ ಸಾಲಲ್ಲ. ಅದಕ್ಕೇ ಹೊಡೆದು ಖಾಲಿಯಾದ ಹಿತ್ತಾಳೆ ಕೇಸ್ ಆಯ್ದು ತಂದು, ಬುಡದಲ್ಲಿ ಹೊಸ ಪ್ರೈಮರ್ (ಪೆಟ್ಟು ಬಿದ್ರೆ ಕಿಡಿ ಕೊಡೋ ಪುಟ್ಟ ಬಟ್ಟಲು) ಕೂರಿಸಿ, ಪೌಡರ್, ಅಂದ್ರೆ ಮದ್ದು, ತೂಗಿ ಹಾಕಿ, ಮೇಲೆ 77 ಗ್ರೇನ್ (ಸುಮಾರು 5 ಗ್ರಾಂ) ಬುಲೆಟ್ ಇಡೋದು.

2020ರಲ್ಲಿ ಇದು ನಿಂತೋಯ್ತು. ಕೋವಿಡ್ಡು, ಗಲಾಟೆ, ಎಲೆಕ್ಷನ್ನು, ಹೊಸದಾಗಿ ಗನ್ ಕೊಂಡೋರು ಎಲ್ಲಾ ಒಟ್ಟಿಗೆ ಬಂತು. ಈ ದೇಶದಲ್ಲಿ ಪ್ರೈಮರ್ ಮಾಡೋ ದೊಡ್ಡ ಹೆಸರು ನಾಲ್ಕೇ, ಅದರಲ್ಲಿ ರೆಮಿಂಗ್ಟನ್ ಅದೇ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಉಳಿದೋರು ಮೊದಲು ತಮ್ಮ ರೆಡಿಮೇಡ್ ಗುಂಡಿಗೆ ಪ್ರೈಮರ್ ಬಳಸ್ಕೊಂಡು ಮಿಕ್ಕಿದ್ದು ನಮ್ಮಂಥೋರಿಗೆ. ಸಾವಿರಕ್ಕೆ 30-35 ಡಾಲರ್ ಇದ್ದಿದ್ದು 100 ಆಯ್ತು, ಕೈಯಿಂದ ಕೈಗೆ ಮಾರೋರು 200 ಕೇಳೋರು. ಅದು ತಗ್ಗೋ ಹೊತ್ತಿಗೆ ಯುಕ್ರೇನ್ ಯುದ್ಧ, ಪೌಡರಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ಎಲ್ಲಾ ಫಿರಂಗಿ ಶೆಲ್ ಕಡೆ ಹೋಯ್ತು. ನಾನು ನಂಬ್ಕೊಂಡಿದ್ದ ವಾರ್ಗೆಟ್ ಅನ್ನೋ ಪೌಡರ್ ಆಸ್ಟ್ರೇಲಿಯಾದಿಂದ ಬರ್ಬೇಕು, ಅದಂತೂ ತಿಂಗಳುಗಟ್ಟಲೆ ಕಣ್ಣಿಗೇ ಬೀಳ್ಲಿಲ್ಲ.

ಆವಾಗ್ಲೂ ಜನ ಕೇಳಿದ್ದು ಎಷ್ಟು ಉಳಿಯುತ್ತೆ ಅಂತಾನೇ. ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ನೀನು ಮಾಡಿದ ಗುಂಡು ಚೆನ್ನಾಗಿದೆ ಅಂತ ನಿನಗೆ ಹೇಗೆ ಗೊತ್ತು? ಅದನ್ನ ಕೇಳಿ, ರಾತ್ರಿ ಪೂರ್ತಿ ಕೂತು ಹೇಳ್ತೀನಿ.

ಯಾಕಂದ್ರೆ ಅದರಲ್ಲೇ ನಾನು ಹಾಳಾಗಿದ್ದು. 2021ರ ಬೇಸಿಗೇಲಿ ಬೆಳಿಗ್ಗೆ ಆರಕ್ಕೆ ಅಂಗಡಿ ಮುಂದೆ ಕ್ಯೂ ನಿಂತು, ಒಬ್ಬರಿಗೆ ಒಂದೇ ಬಾಕ್ಸ್ ಅಂತ ಸಾವಿರ ಪ್ರೈಮರ್ ತಂದೆ. ಪೌಡರ್ ಹಳೇದಲ್ಲ, ಸಿಕ್ಕಿದ್ದು. ಹೊಸ ಪೌಡರ್ ಅಂದ್ರೆ ಗುಂಡು ತುಂಬೋರ ಕೈಪಿಡಿ ಪುಸ್ತಕದಲ್ಲಿರೋ ಕನಿಷ್ಠ ಪೌಡರ್ ಅಳತೆಯಿಂದ ಮತ್ತೆ ಶುರು, ಇದರಲ್ಲಿ ರಾಜಿ ಇಲ್ಲ. ಸರಿ, ಒಂದೊಂದು ಅಳತೆಗೆ ಮೂರು ಮೂರು ಗುಂಡು ತುಂಬಿ 100 ಗಜದಲ್ಲಿ ಹೊಡೆದೆ. ಒಂದು ಅಳತೇಲಿ ಮೂರೂ ಒಂದೇ ತೂತಾದ ಹಾಗೆ 0.4 ಇಂಚಲ್ಲಿ ಬಿತ್ತು, ಫೋಟೋ ತೆಗೆದು ಊರಿಗೆಲ್ಲಾ ಕಳಿಸಿದೆ. ಮುಂದಿನ ವಾರ ಅದೇ ಅಳತೇಲಿ 20 ಹೊಡೆದ್ರೆ 1.5 ಇಂಚು! ಬುಲೆಟ್ ಇಡೋ ಆಳ ಬದಲಾಯಿಸಿದೆ, ಮತ್ತೆ ಮೂರು ಮೂರು, ಮತ್ತೆ ಒಂದು ಚಂದದ ತೂತು, ಮತ್ತೆ ಮೋಸ. ಸುಮಾರು 200 ಪ್ರೈಮರ್ ಹೀಗೇ ಸುಟ್ಟೆ, ಸಿಗದೇ ಇರೋ ಕಾಲದಲ್ಲಿ.

ಆಮೇಲೆ ಕೂತು ಸಂಖ್ಯಾಶಾಸ್ತ್ರದ ಲೆಕ್ಕ ಓದಿದೆ. ಹರವು ಅಂದ್ರೆ ಅತಿ ದೂರ ಇರೋ ಎರಡು ತೂತುಗಳ ನಡುವಿನ ಅಂತರ. ಗುಂಡಲ್ಲಿ, ರೈಫಲಲ್ಲಿ ಏನೂ ಬದಲಾಗದೇ ಇದ್ರೂ ಹತ್ತು ಗುಂಡಿನ ಹರವು ಮೂರು ಗುಂಡಿನ ಹರವಿನ ಸರಾಸರಿ ಸುಮಾರು ಒಂದೂವರೆ ಪಟ್ಟು ಇರುತ್ತೆ, ಮೂರು ಗುಂಡಿನ ಹರವು ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರೋದೂ ಇಲ್ಲ. ನಾನು ಹುಡುಕ್ತಿದ್ದಿದ್ದು ಒಳ್ಳೇ ಅಳತೆ ಅಲ್ಲ, ಅದೃಷ್ಟದ ಮೂರು ಗುಂಡು. ಪ್ರೈಮರ್ ಇಲ್ಲ ಅಂತ ಮೂರಕ್ಕೆ ನಿಲ್ಸಿದ್ದೇ ಪ್ರೈಮರ್ ಹಾಳು ಮಾಡ್ತು. ಈಗ ಕನಿಷ್ಠದಿಂದ ಒಂದೊಂದೇ ಗುಂಡು ಮೇಲೇರಿಸಿ, ರೈಫಲ್ ಒಳಗೆ ಒತ್ತಡ ಮಿತಿ ಮೀರಿದ ಲಕ್ಷಣ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಪುಸ್ತಕದ ಮಿತಿಯೊಳಗೇ ಎರಡು ಅಳತೆ ಆರಿಸ್ತೀನಿ, ಒಂದೊಂದಕ್ಕೆ ಹತ್ತು ಹೊಡೀತೀನಿ, ವ್ಯತ್ಯಾಸ ಕಾಣದಿದ್ರೆ ಕಮ್ಮಿ ಪೌಡರಿಂದು ಇಟ್ಕೋತೀನಿ. ಉಳಿದ ಪರೀಕ್ಷೆ ಮ್ಯಾಚಲ್ಲೇ. 600 ಗಜದಲ್ಲಿ ಪ್ರತಿ ಗುಂಡಿಗೂ ಟಾರ್ಗೆಟ್ ಇಳಿಸಿ ಗುರುತು ಹಾಕಿ ತೋರಿಸ್ತಾರೆ, ಅದನ್ನ ನನ್ನ ನೋಟ್‌ಬುಕ್ಕಲ್ಲಿ ಬರ್ಕೋತೀನಿ. ಅಕ್ಕಪಕ್ಕ ಹೋಗಿದ್ದು ಬಹುಪಾಲು ಗಾಳಿ, ಮೇಲೆ ಕೆಳಗೆ ಹೋಗಿದ್ದು ನಾನು ಇಲ್ಲಾ ಗುಂಡು. ಮೂರು ಮ್ಯಾಚಿಗೆ 60 ಗುಂಡಿನ ಲೆಕ್ಕ ಸಿಗುತ್ತೆ, ಒಂದು ಪ್ರೈಮರೂ ದಂಡ ಇಲ್ಲ.

ರೈಫಲ್ ಸೆಮಿ-ಆಟೋಮ್ಯಾಟಿಕ್ (ಮುಂದಿನ ಗುಂಡನ್ನ ತಾನೇ ಒಳಗೆ ತಗೊಳೋದು) ಆಗಿರೋದ್ರಿಂದ ಇನ್ನೊಂದು ಹಟ ಇದೆ ನನಗೆ. ಎಆರ್-15ರಲ್ಲಿ ಪ್ರೈಮರಿಗೆ ಹೊಡೆಯೋ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ, ಗುಂಡನ್ನ ಒಳಗೆ ತಳ್ಳೋ ಬೋಲ್ಟ್ ರಪ್ಪಂತ ಮುಚ್ಚಿದಾಗ ಪಿನ್ ಮುಂದೆ ಜಾರಿ ಪ್ರೈಮರಿಗೆ ಮೆತ್ತಗೆ ತಟ್ಟುತ್ತೆ. ಹೊಡೀದೇ ತೆಗೆದ ಗುಂಡಲ್ಲಿ ಆ ಚಿಕ್ಕ ಕುಳಿ ನೀವೇ ನೋಡ್ಬಹುದು. ಪ್ರೈಮರ್ ಬಟ್ಟಲು ತೆಳು ಇದ್ರೆ, ಇಲ್ಲಾ ಪ್ರೈಮರ್ ಸ್ವಲ್ಪ ಮೇಲೆದ್ದು ಕೂತಿದ್ರೆ, ಟ್ರಿಗರ್ ಮುಟ್ಟದೇ ಗುಂಡು ಹಾರ್ಬಹುದು. ಪ್ರೈಮರ್ ಬರಗಾಲದಲ್ಲಿ ಒಬ್ಬ "ಸ್ಮಾಲ್ ಪಿಸ್ತೂಲ್ ಪ್ರೈಮರ್ ಇದೆ, ಅಳತೆ ಒಂದೇ, ತಗೋ" ಅಂದ. ಅಳತೆ ಒಂದೇ ನಿಜ, ಬಟ್ಟಲು ತೆಳು. ಬೇಡ ಅಂದೆ. ಆ ತಿಂಗಳ ಮ್ಯಾಚಿಗೆ ಹೋಗ್ಲಿಲ್ಲ, ಮನೇಲಿ ಖಾಲಿ ರೈಫಲ್ ಹಿಡ್ಕೊಂಡು ಗೋಡೆ ಮೇಲಿನ ಚುಕ್ಕಿಗೆ ನಿಂತು ಗುರಿ ಅಭ್ಯಾಸ ಮಾಡ್ದೆ, ಕೇಳಿದೋರಿಗೆ ಕಾರಣನೂ ಹೇಳ್ದೆ. ಅವರಲ್ಲೊಬ್ರು, ಹಾಗಾದ್ರೆ ಈ ತಿಂಗಳು ಎಷ್ಟು ಉಳೀತು ಅಂದ್ರು.

ಈಗಿರೋ ಪೌಡರ್ ಲಾಟಲ್ಲಿ (ಒಂದೇ ಸಲಕ್ಕೆ ತಯಾರಾದ ಕಂತು) ಇನ್ನು ಎರಡು ಮ್ಯಾಚಿಗಾಗುವಷ್ಟಿದೆ. ಹೊಸ ಡಬ್ಬಿ ಸಿಕ್ಕಿದೆ, ಅದೇ ಹೆಸರು, ಬೇರೆ ಲಾಟ್. ಈ ಭಾನುವಾರ ಅದನ್ನ ಕೆಳಗಿಂದ ಶುರು ಮಾಡ್ಬೇಕು.